ಮಂಡ್ಯ ಜಿಲ್ಲೆಯ ಫ್ರೆಂಚ್ ಊರು

ಕರ್ನಾಟಕದಲ್ಲೊಂದು ಫ್ರೆಂಚ್ ಊರಿದೆ ಅಂದರೆ ನೀವು ನಗಬಹುದು. ಪಾಂಡಿಚೇರಿ ಗೊತ್ತು, ಮಾಹೆ ಗೊತ್ತು, ಮಂಡ್ಯ ಜಿಲ್ಲೆಯಲ್ಲಿ ಎಲ್ಲಿಯ ಫ್ರೆಂಚರು ಮಾರಾಯ್ರೆ ಅಂತ. ಹಳೆಯ ಗೆಜೆಟಿಯರುಗಳನ್ನು ತಿರುವಿ ನೋಡಿ, ಶ್ರೀರಂಗಪಟ್ಟಣದ ಉತ್ತರಕ್ಕೆ ನಾಲ್ಕು ಮೈಲಿ ದೂರದಲ್ಲಿ 'ಫ್ರೆಂಚ್ ರಾಕ್ಸ್' ಅನ್ನೋ ಊರು ಸಿಗುತ್ತದೆ. ರೈಲ್ವೆ ಸ್ಟೇಷನ್ನಿಗೂ ಬಹಳ ಕಾಲ ಅದೇ ಹೆಸರಿತ್ತು. ಇವತ್ತಿನ ಪಾಂಡವಪುರವೇ ಅದು. ಅದಕ್ಕೂ ಹಿಂದಿನ, ನಮ್ಮವರು ಕರೆಯುತ್ತಿದ್ದ ಹೆಸರು ಹಿರೋಡೆ.

ನಾನು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯವನು. ಪಕ್ಕದಲ್ಲೇ ವೈಟ್‌ಫೀಲ್ಡ್. 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಆ ಊರು ಕಟ್ಟಲು ಹೊರಟ ವೈಟ್ ಎಂಬಾತನ ಹೆಸರು ಇವತ್ತು ಐಟಿ ಕಂಪನಿಗಳ ವಿಳಾಸವಾಗಿ ಜಗತ್ತೆಲ್ಲ ಸುತ್ತುತ್ತಿದೆ. ಒಬ್ಬ ಪರಂಗಿಯವನ ಹೆಸರು ಹಾಗೆ ಉಳಿಯಿತು, ಇನ್ನೊಂದು ಕಡೆ ಒಂದಿಡೀ ಪರಂಗಿ ದಂಡಿನ ಹೆಸರು ಅಳಿಸಿ ಹೋಯಿತಲ್ಲ, ಅಲ್ಲಿ ಏನಾದರೂ ಉಳಿದಿದೆಯಾ ನೋಡೋಣ ಅಂತ ಗೆಳೆಯನ ಜೊತೆ ಹೊರಟೆ.

ರೈಲಿನಲ್ಲಿ ಹೋದೆವು. ಸ್ಟೇಷನ್ನಿನಿಂದ ಊರು ಸ್ವಲ್ಪ ದೂರ. ಆಟೋದವರ ಹತ್ತಿರ 'ಫ್ರೆಂಚ್ ರಾಕ್ಸ್' ಅಂದರೆ ಹೋಟೆಲ್ಲಾ ಸಾರ್ ಅಂತ ಕೇಳಿದರು! ಹಿರೋಡೆ ಅಂದಾಗ ಮಾತ್ರ ಹಿರಿಯರೊಬ್ಬರು 'ಓ, ಹಳೇ ಹೆಸರು' ಅಂತ ತಲೆಯಾಡಿಸಿದರು.

ಊರಿಗೆ ಅಂಟಿಕೊಂಡಂತೆಯೇ ಕುಂತಿ ಬೆಟ್ಟ. ಎರಡು ಬೋಳು ಬಂಡೆಗುಡ್ಡಗಳು, ದೊಡ್ಡ ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತಿವೆ. ವನವಾಸದಲ್ಲಿ ಪಾಂಡವರು ಕುಂತಿಯ ಜೊತೆ ಇಲ್ಲಿದ್ದರಂತೆ. ಪಾಂಡವಪುರ ಅನ್ನೋ ಹೆಸರು ಬಂದದ್ದು ಈ ಕಥೆಯಿಂದ. ಫ್ರೆಂಚರ 'ರಾಕ್ಸ್' ಕೂಡ ಇವೇ ಕಲ್ಲುಗಳು. ಹತ್ತಿ ನಿಂತರೆ ಸುತ್ತ ಕಬ್ಬು, ಭತ್ತ, ತೆಂಗು, ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಕಡೆಯ ಬಯಲು. ರಾಜಧಾನಿಯಿಂದ ಒಂದು ಬೆಳಗಿನ ನಡಿಗೆಯಷ್ಟು ದೂರ, ಆದರೆ ಕೋಟೆಯ ಹೊರಗೆ. ಕೂಲಿಗೆ ಬಂದ ಪರದೇಶಿ ಸೈನಿಕರನ್ನು ಇಡಲು ಇದಕ್ಕಿಂತ ಒಳ್ಳೆ ಜಾಗ ಯಾವುದು? ಕರೆದಾಗ ಬರಬೇಕು, ಆದರೆ ಅರಮನೆಯ ಪಕ್ಕ ಇರಬಾರದು. ಇದು ನನ್ನ ಊಹೆ ಅಷ್ಟೆ. ಹೈದರ್ ಮತ್ತು ಟಿಪ್ಪುವಿನ ಕೆಲಸದಲ್ಲಿದ್ದ ಫ್ರೆಂಚರು ಇಲ್ಲಿ ಬೀಡುಬಿಟ್ಟಿದ್ದರು ಅನ್ನೋದು ಮಾತ್ರ ದಾಖಲೆಯಲ್ಲಿರುವ ಸಂಗತಿ.

ಈ ಫ್ರೆಂಚರ ಕಥೆಗೆ ನಮ್ಮ ಹೊಸಕೋಟೆಯ ನಂಟೂ ಇದೆ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿದ್ದಾಗಲೇ ಹೈದರ್ ಅವನ ಜೊತೆ ಸೇರಿಕೊಂಡು ಸಿರಾದ ನವಾಬ ಅನ್ನೋ ಪದವಿ ಗಿಟ್ಟಿಸಿದ್ದು. ಇದೇ ಬಸಾಲತ್ ಜಂಗನ ಬಳಿ ಲಾಲಿ ಅನ್ನೋ ಫ್ರೆಂಚ್ ಅಧಿಕಾರಿ ಒಂದು ದಂಡು ಕಟ್ಟಿಕೊಂಡು ಕೆಲಸಕ್ಕಿದ್ದ. ಮುಂದೆ ಅವನು ದಂಡಿನ ಸಮೇತ ಹೈದರನ ಕಡೆ ಬಂದ. (ಪಾಂಡಿಚೇರಿ ಕಳೆದುಕೊಂಡು ಪ್ಯಾರಿಸ್ಸಿನಲ್ಲಿ ತಲೆ ಕಡಿಸಿಕೊಂಡ ಲಾಲಿ ಬೇರೆ, ಇವನು ಬೇರೆ.) 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರನ್ನು ಬಡಿದಾಗ ಈ ಲಾಲಿ ಅಲ್ಲಿದ್ದ. ದರಿಯಾ ದೌಲತ್‌ನ ಗೋಡೆಯ ಮೇಲೆ ದುರ್ಬೀನು ಹಿಡಿದು ನೋಡುತ್ತಿರುವ ಪರಂಗಿಯವನನ್ನು ಗಮನಿಸಿದ್ದೀರಾ? ಅವನೇ ಇವನು. ಮುಂದಿನ ಸಲ ಹೋದಾಗ ನೋಡಿ, ಬಹಳ ಜನ ಟಿಪ್ಪುವನ್ನು ಹುಡುಕುವ ಭರದಲ್ಲಿ ಇವನನ್ನು ದಾಟಿ ಹೋಗುತ್ತಾರೆ.

ಇವರೆಲ್ಲ ಟಿಪ್ಪುವಿನ ಆಪ್ತಮಿತ್ರರು ಅಂತ ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು. ಓದುತ್ತಾ ಹೋದರೆ ಹಾಗೇನೂ ಕಾಣುವುದಿಲ್ಲ. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದ, ಜೊತೆಗೆ ಫ್ರೆಂಚ್ ಪಡೆಯೂ ಇತ್ತು. ಯೂರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ರಾಜಿಯಾಯಿತು ಅಂತ ಸುದ್ದಿ ಬಂತು ನೋಡಿ, ಫ್ರೆಂಚ್ ದಳಪತಿ ಕೊಸಿನಿ ಇನ್ನು ನಮ್ಮವರು ಯುದ್ಧ ಮಾಡೋದಿಲ್ಲ ಅಂದುಬಿಟ್ಟ. ನಡು ಯುದ್ಧದಲ್ಲಿ! 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆವರೆಗೂ ಹೋಗಿ ಹದಿನಾರನೇ ಲೂಯಿಯನ್ನು ಕಂಡರು. ಭಾರೀ ಮರ್ಯಾದೆ ಸಿಕ್ಕಿತು, ಬೇಕಾಗಿದ್ದ ಸೈನ್ಯ ಸಿಗಲಿಲ್ಲ. ಮರುವರ್ಷವೇ ಅಲ್ಲಿ ಕ್ರಾಂತಿ ಶುರುವಾಗಿ, 1793ರಲ್ಲಿ ಆ ರಾಜನ ತಲೆಯೇ ಹೋಯಿತು.

ಫ್ರೆಂಚ್ ರಾಕ್ಸ್‌ನ ನಿಜವಾದ ಕಥೆ 1792ರದ್ದು. ಆ ವರ್ಷ ಫೆಬ್ರವರಿ ಮೊದಲ ವಾರ ಕಾರ್ನ್‌ವಾಲಿಸ್, ಮರಾಠರು ಮತ್ತು ನಿಜಾಮನ ಸೈನ್ಯ ಸೇರಿ ಬಂದು ಇಳಿದದ್ದು ಇದೇ ಬಂಡೆಗಳ ಆಸುಪಾಸಿನಲ್ಲಿ. ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಸಾಲಿನ ಮೇಲೆ ದಾಳಿ ನಡೆಯಿತು. ಯುದ್ಧದಲ್ಲಿದ್ದ ಮೇಜರ್ ಡಿರೋಮ್ ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ರಾತ್ರಿಯ ಗಲಾಟೆಯಲ್ಲಿ ಟಿಪ್ಪುವಿನ ಕೆಲಸದಲ್ಲಿದ್ದ ಐವತ್ತಕ್ಕೂ ಹೆಚ್ಚು ಪರಂಗಿಯವರು ಇಂಗ್ಲಿಷರ ಕಡೆ ಬಂದುಬಿಟ್ಟರು. ಅವರಲ್ಲಿ ಒಬ್ಬ ಬ್ಲೆವೆಟ್ ಅನ್ನೋ ಮುದುಕ, ಕೋಟೆಕೊತ್ತಲದ ಎಂಜಿನಿಯರು. ಇನ್ನೊಬ್ಬ ಲಫೋಲಿ, ಫ್ರೆಂಚ್ ದುಭಾಷಿ. ಇಬ್ಬರೂ ಹೈದರನ ಕಾಲದಿಂದ ಉಪ್ಪು ತಿಂದವರು.

ಇದನ್ನು ದ್ರೋಹ ಅನ್ನಬೇಕಾ? ಬೆಟ್ಟದ ಮೇಲೆ ಕೂತು ಗೆಳೆಯನಿಗೂ ನನಗೂ ಇದೇ ವಾದ. ಅವನು ದ್ರೋಹವೇ ಅಂದ. ನನಗೆ ಹಾಗನಿಸಲಿಲ್ಲ. ತಮ್ಮ ದೇಶದಲ್ಲಿ ಏನಾಗುತ್ತಿದೆ ಅಂತ ತಿಳಿಯಲು ತಿಂಗಳುಗಟ್ಟಲೆ ಬೇಕು, ತಿಳಿದರೆ ರಾಜ ಇದ್ದಾನೋ ಇಲ್ಲವೋ ಅನ್ನೋ ಸ್ಥಿತಿ, ವಯಸ್ಸಾಗಿದೆ, ಸಂಬಳ ಕೊಡುವ ದೊರೆ ಸೋಲುತ್ತಿದ್ದಾನೆ. ಆ ಮುದುಕ ಬ್ಲೆವೆಟ್ ಕತ್ತಲಲ್ಲಿ ನಡೆದು ಬಂದದ್ದನ್ನು ನೆನೆದರೆ ನನಗೆ ಕೋಪ ಬರುವುದಿಲ್ಲ. ಆದರೆ ಅದೇ ರಾತ್ರಿ ಆ ಸಾಲುಗಳಲ್ಲಿ ಸತ್ತ ನಮ್ಮ ಹಳ್ಳಿಗಳ ಸಿಪಾಯಿಗಳ ಹೆಸರು ಡಿರೋಮನ ಪುಸ್ತಕದಲ್ಲಿ ಇಲ್ಲವಲ್ಲ ಅಂತ ಮಾತ್ರ ಅನಿಸುತ್ತದೆ. ಓಡಿಹೋದ ಪರಂಗಿಯವರ ಹೆಸರು ಗೊತ್ತು, ನಿಂತು ಸತ್ತ ಗೌಡರ, ಬೇಡರ, ಸಾಬರ ಹೆಸರು ಗೊತ್ತಿಲ್ಲ. ಊರಿಗೂ ಹಾಗೇ ಆಯಿತು, ಹಿರೋಡೆ ಹೋಗಿ ಫ್ರೆಂಚ್ ರಾಕ್ಸ್ ಆಯಿತು. ಭೂಪಟ ಬರೆದವರು ಇಂಗ್ಲಿಷರು ತಾನೆ.

ಕೊನೆಗೆ 1798ರಲ್ಲಿ ಮಾರಿಷಸ್‌ನಿಂದ ಟಿಪ್ಪುವಿಗೆ ಬಂದ ಫ್ರೆಂಚ್ 'ನೆರವು' ಎಷ್ಟು ಗೊತ್ತಾ? ನೂರು ಜನಕ್ಕೂ ಕಡಿಮೆ. ಅದನ್ನೇ ನೆಪ ಮಾಡಿಕೊಂಡು ವೆಲ್ಲೆಸ್ಲಿ ಯುದ್ಧಕ್ಕೆ ಬಂದ. 1799ರ ಮೇ 4ಕ್ಕೆ ಎಲ್ಲ ಮುಗಿಯಿತು.

ಮಧ್ಯಾಹ್ನ ತೊಣ್ಣೂರಿಗೆ ಹೋದೆವು, ಪಾಂಡವಪುರದಿಂದ ಬಹಳ ದೂರವಿಲ್ಲ. ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಕೆರೆ, ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲು ಕಾಣುತ್ತದೆ. ಕೆರೆಗೆ ರಾಮಾನುಜರ ಹೆಸರು ಹೇಳುತ್ತಾರೆ. ಹೊಯ್ಸಳರ ಕಾಲದ ನಂಬಿ ನಾರಾಯಣ ದೇವಸ್ಥಾನ ಇಲ್ಲಿದೆ, ಒಂದು ದರ್ಗಾ ಕೂಡ ಇದೆ. 1746ರಲ್ಲಿ ನಿಜಾಮನ ಮಗ ನಾಸಿರ್ ಜಂಗ್ ಇಲ್ಲಿಗೆ ಬಂದಿದ್ದಾಗ ನೀರು ನೋಡಿ ಮರುಳಾಗಿ 'ಮೋತಿ ತಲಾಬ್' ಅಂತ ಹೆಸರಿಟ್ಟ. ಪಾಪ, ನಾಲ್ಕೇ ವರ್ಷಕ್ಕೆ, 1750ರ ಡಿಸೆಂಬರಿನಲ್ಲಿ ಜಿಂಜಿಯ ಹತ್ತಿರ ಫ್ರೆಂಚರ ಪಿತೂರಿಯಲ್ಲಿ ಸತ್ತ. ಆ ಗದ್ದಲದಲ್ಲಿ ಅವನ ಖಜಾನೆಯ ಒಂದಿಷ್ಟು ಚಿನ್ನ ಒಂಟೆಗಳ ಮೇಲೆ ಹೈದರನ ಪಾಲಾಯಿತು ಅಂತ ವಿಲ್ಕ್ಸ್ ಬರೆಯುತ್ತಾನೆ. ಮೈಸೂರಿನ ಒಬ್ಬ ಸಾಮಾನ್ಯ ನಾಯಕ ಸ್ವಂತ ಪಡೆ ಬೆಳೆಸಲು ಆ ಚಿನ್ನ ಒದಗಿತು. ಫ್ರೆಂಚರ ಕವಾಯತು, ಫಿರಂಗಿ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಅವನು ಕಣ್ಣಾರೆ ಕಂಡದ್ದೂ ಆ ವರ್ಷಗಳ ಕರ್ನಾಟಿಕ್ ಯುದ್ಧಗಳಲ್ಲೇ. ಮುಂದೆ ಫ್ರೆಂಚ್ ರಾಕ್ಸ್ ಹುಟ್ಟಿದ್ದು ಆ ಪಾಠದಿಂದ.

ಇದೇ ತೊಣ್ಣೂರಿನ ಹತ್ತಿರ, ಚಿನಕುರಳಿಯಲ್ಲಿ, 1771ರ ಮಾರ್ಚಿನಲ್ಲಿ ತ್ರ್ಯಂಬಕರಾವ್ ಮಾಮಾನ ಮರಾಠರು ಹೈದರನನ್ನು ಚಿಂದಿ ಮಾಡಿದರು. ಮೇಲುಕೋಟೆಯಿಂದ ರಾಜಧಾನಿಗೆ ಹಿಂದೆ ಸರಿಯುತ್ತಿದ್ದ ಸೈನ್ಯ ದಾರಿಯಲ್ಲೇ ಚೆಲ್ಲಾಪಿಲ್ಲಿಯಾಯಿತು. ಹೈದರ್ ಕುದುರೆ ಹತ್ತಿ ಪಟ್ಟಣ ಸೇರಿಕೊಂಡ. ಟಿಪ್ಪು ಭಿಕ್ಷುಕನ ವೇಷದಲ್ಲಿ ತಪ್ಪಿಸಿಕೊಂಡು ಬಂದನಂತೆ. ಈಗ ಕೆರೆಯಲ್ಲಿ ಹುಡುಗರು ಈಜುತ್ತಿದ್ದರು, ದಂಡೆಯಲ್ಲಿ ಬೀರ್ ಬಾಟಲಿ ಚೂರುಗಳು. ಕಾಲಿಗೆ ಚಪ್ಪಲಿ ಇರಲಿ, ಹೋಗುವವರಿಗೆ ಹೇಳಿರುತ್ತೇನೆ.

ಸಂಜೆ ಗಂಜಾಮಿನಲ್ಲಿ ಅಬ್ಬೆ ದುಬೋಯ ಹೆಸರಿನ ಚರ್ಚು ನೋಡಿದೆವು. ಬಂದೂಕು ಹಿಡಿದ ಫ್ರೆಂಚರೆಲ್ಲ ಹೋದ ಮೇಲೆ, 1799ರ ನಂತರ ಬಂದ ಫ್ರೆಂಚ್ ಪಾದ್ರಿ ಈತ. ನಮ್ಮವರ ಹಾಗೆ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ಜನರ ನಡುವೆ ಬದುಕಿ, ಸಿಡುಬಿಗೆ ಲಸಿಕೆ ಹಾಕಿಸಿ, ನಮ್ಮ ರೀತಿ ನೀತಿಗಳ ಬಗ್ಗೆ ದಪ್ಪ ಪುಸ್ತಕ ಬರೆದ. ಅದರಲ್ಲಿ ನಮ್ಮನ್ನು ಬೈದದ್ದೇ ಜಾಸ್ತಿ, ಅದು ಬೇರೆ ವಿಷಯ! ಹಸ್ತಪ್ರತಿಯನ್ನು ಕೊಂಡದ್ದು ಈಸ್ಟ್ ಇಂಡಿಯಾ ಕಂಪನಿ. 1823ರಲ್ಲಿ ಫ್ರಾನ್ಸಿಗೆ ವಾಪಸು ಹೋದವನು ಮತ್ತೆ ಈ ಕಡೆ ಬರಲಿಲ್ಲ.

ಮೇಲುಕೋಟೆಗೆ ಹೊತ್ತು ಸಾಲಲಿಲ್ಲ. ಪಾಂಡವಪುರದಿಂದ ಬಸ್ಸುಗಳಿವೆ, ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಕುಂತಿ ಬೆಟ್ಟ ಹತ್ತಿ, ಬಿಸಿಲೇರುವ ಮೊದಲು ತೊಣ್ಣೂರು ಮುಗಿಸಿ ಆ ಕಡೆ ಹೊರಡಿ. ಊಟ ಮೇಲುಕೋಟೆಯ ಪುಳಿಯೋಗರೆಯೇ ಆಗಲಿ.