ಹಳೆಯ ಜೀಪಿನ ಗಿಯರ್: ಒಂದು ಚಾರಿತ್ರಿಕ ನೋಟ

ಮುಳಬಾಗಿಲು ತಾಲ್ಲೂಕಿನ ತಾಯಲೂರಿನಂಥ ಊರುಗಳಿಗೆ ಕೆರೆ ಏರಿ, ಮೊರಡು ನೆಲ, ಕಲ್ಲುಗುಡ್ಡಗಳ ನಡುವಿನ ಬಂಡಿದಾರಿ ಹೊಸತಲ್ಲ. ಇಂಥ ದಾರಿಯಲ್ಲಿ ಹಳೆಯ ಜೀಪೊಂದು ಏರು ಹತ್ತುವಾಗ 'ಕರ್ರ್' ಎಂದು ಕರ್ಕಶ ಶಬ್ದ ಮಾಡುವುದನ್ನು ನೀವು ಕೇಳಿರಬಹುದು. ಚಾಲಕ ಎರಡನೆಯ ಗಿಯರಿನಿಂದ ಮೊದಲನೆಯದಕ್ಕೆ ಇಳಿಯಲು ಹೆಣಗುತ್ತಿರುತ್ತಾನೆ. ಗಿಯರ್ ಬೀಳದಿದ್ದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುತ್ತದೆ. ಆಗ ಏರಿನಲ್ಲಿ ವಾಹನ ಹಿಂದಕ್ಕೆ ಉರುಳಬಹುದು. ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಇಲ್ಲದೆ ಇಡೀ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ. ಆದ್ದರಿಂದ ಈ ಶಬ್ದ ಕೇವಲ ಕಿರಿಕಿರಿಯಲ್ಲ, ಎಚ್ಚರಿಕೆ. ಇದರ ಕಾರಣ ಗಿಯರ್ ಪೆಟ್ಟಿಗೆಯ ಚರಿತ್ರೆಯಲ್ಲಿದೆ.

ಜಾರುವ ಗಿಯರಿನಿಂದ ಸಿಂಕ್ರೊಮೆಷ್‌ವರೆಗೆ

1891ರ ಸುಮಾರಿಗೆ ಫ್ರಾನ್ಸಿನ ಪನಾರ್ಡ್-ಲೆವಾಸೋರ್ ಸಂಸ್ಥೆ ದಂಡದ ಮೇಲೆ ಜಾರಿ ಒಂದನ್ನೊಂದು ಕಚ್ಚುವ ದಂತಚಕ್ರಗಳನ್ನು ಕಾರಿನಲ್ಲಿ ಅಳವಡಿಸಿತು. ಎರಡು ಚಕ್ರಗಳ ಹಲ್ಲುಗಳು ಬೇರೆ ಬೇರೆ ವೇಗದಲ್ಲಿ ಚಲಿಸುತ್ತಿದ್ದರೆ ಅವು ಕಚ್ಚಿಕೊಳ್ಳುವ ಬದಲು ಉಜ್ಜಿಕೊಳ್ಳುತ್ತವೆ. ಇದೇ ಆ ಶಬ್ದದ ಮೂಲ. ಪರಿಹಾರ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ. ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೊಮೆಷ್ ಏರ್ಪಾಡಿನಲ್ಲಿ, ಹಲ್ಲುಗಳು ಕೂಡುವ ಮುನ್ನ ಶಂಕುವಿನಾಕಾರದ ಮೇಲ್ಮೈಗಳು ಒಂದನ್ನೊಂದು ಒತ್ತುತ್ತವೆ. ಅವುಗಳ ನಡುವಿನ ಘರ್ಷಣೆ ಎರಡೂ ಭಾಗಗಳ ವೇಗವನ್ನು ಸಮ ಮಾಡುತ್ತದೆ.

1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಚಕ್ರಗಳಿಗೂ ಚಾಲನೆಯಿರುವ ವಾಹನಕ್ಕೆ ಕರೆ ಕೊಟ್ಟಿತು. ಅದರ ಫಲವಾದ ವಿಲ್ಲೀಸ್ ಎಂ.ಬಿ. ಜೀಪು 1941ರಲ್ಲಿ ತಯಾರಾಯಿತು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು, ಮುಂದೆ ಸಿ.ಜೆ.-3ಬಿ ಮಾದರಿ ನಮ್ಮ ದೇಶದ ಹಳ್ಳಿಹಳ್ಳಿಯನ್ನೂ ಮುಟ್ಟಿತು.

ಎಂ.ಬಿ.ಯಲ್ಲಿ ಮೂರು ಮುಂಗಿಯರುಗಳು. ಎರಡು ಮತ್ತು ಮೂರಕ್ಕೆ ಸಿಂಕ್ರೊಮೆಷ್ ಇತ್ತು; ಮೊದಲನೆಯದಕ್ಕೂ ಹಿಂಗಿಯರಿಗೂ ಇರಲಿಲ್ಲ. ಅಂದರೆ ಮೊದಲ ಗಿಯರಿನ ಮಟ್ಟಿಗೆ ಅದು 1891ರ ಯಂತ್ರವೇ!

ಒಂದು ಲೆಕ್ಕ

ಎಂ.ಬಿ.ಯ ಗಿಯರ್ ಅನುಪಾತಗಳು 2.665, 1.564 ಮತ್ತು 1. ಅಚ್ಚಿನ ಅನುಪಾತ 4.88. ಚಕ್ರದ ಸುತ್ತಳತೆಯನ್ನು 2.25 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 15 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 250 ಮೀಟರ್. ಚಕ್ರ ಸುಮಾರು 111 ಸುತ್ತು ಸುತ್ತುತ್ತದೆ. ಪೆಟ್ಟಿಗೆಯಿಂದ ಹೊರಬರುವ ದಂಡಕ್ಕೆ ಸುಮಾರು 542 ಸುತ್ತು. ಎರಡನೆಯ ಗಿಯರಿನಲ್ಲಿ ಕ್ಲಚ್ ಕಡೆಯ ದಂಡದ ವೇಗ 848. ಅದೇ ಓಟದಲ್ಲಿ ಮೊದಲ ಗಿಯರ್ ಬೀಳಬೇಕಾದರೆ ಅದು 1,445 ಆಗಬೇಕು. ಸುಮಾರು 600 ಸುತ್ತುಗಳ ಈ ಕೊರತೆಯನ್ನು ತುಂಬುವವರು ಯಾರು? ಚಾಲಕನೇ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗಿಯರ್ ಹಾಕಬೇಕು. ಇದೇ 'ಡಬಲ್ ಕ್ಲಚ್'.

ದೋಷ ಎಲ್ಲಿದೆ?

ಪೆಟ್ಟಿಗೆ ಬಿಚ್ಚುವ ಮುನ್ನ ಕೆಲವು ಪರೀಕ್ಷೆ ಮಾಡಬಹುದು. ಸಮತಟ್ಟಾದ ನೆಲದಲ್ಲಿ ವಾಹನ ನಿಲ್ಲಿಸಿ, ಕ್ಲಚ್ ಒತ್ತಿ ಹತ್ತು ಸೆಕೆಂಡು ಕಾದು ಹಿಂಗಿಯರ್ ಹಾಕಿ. ಆಗಲೂ ಶಬ್ದ ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲಿನ ಸಡಿಲವನ್ನು ಸರಿಪಡಿಸಿದರೆ ಸಾಕಾಗಬಹುದು. ಓಡುವಾಗ ಎರಡನೆಯ ಗಿಯರಿಗೆ ಮಾತ್ರ ಶಬ್ದವಿದ್ದರೆ ಸಿಂಕ್ರೊಮೆಷ್ ಬಳೆ ಸವೆದಿರುವ ಸಂಭವ ಹೆಚ್ಚು. ಬಿದ್ದ ಗಿಯರ್ ತಾನಾಗಿ ಕಳಚಿಕೊಂಡರೆ ಹಿಡಿಗುಂಡಿನ ಸ್ಪ್ರಿಂಗ್, ಬೇರಿಂಗ್ ಇಲ್ಲವೆ ಹಲ್ಲುಗಳ ಸವೆತವನ್ನು ಶಂಕಿಸಬೇಕು. ಎಣ್ಣೆಯೂ ಮುಖ್ಯ: ಕೆಲವು ಜಿ.ಎಲ್.-5 ಎಣ್ಣೆಗಳಲ್ಲಿನ ಗಂಧಕದ ಸಂಯುಕ್ತಗಳು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನುತ್ತವೆ. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕುವುದು ಲೇಸು.

ಇನ್ನೊಂದು ತೊಡಕಿಗೆ ಸವೆತ ಕಾರಣವೇ ಅಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಈ ಜೀಪುಗಳಲ್ಲಿ ಎರಡು ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಿ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲಾರದೆ ದಂಡಗಳಲ್ಲಿ ತಿರುಚು ಸೇರಿಕೊಂಡು ನಾಲ್ಕು ಚಕ್ರದ ಸನ್ನೆ ಬಿಗಿಯುತ್ತದೆ. ಸುತ್ತಿಗೆ ಬೇಡ. ಸ್ವಲ್ಪ ದೂರ ಹಿಂದಕ್ಕೆ ಚಲಿಸಿದರೆ ತಿರುಚು ಬಿಡುತ್ತದೆ, ಸನ್ನೆ ಸಲೀಸಾಗುತ್ತದೆ.

ಕೋಲಾರ ಜಿಲ್ಲೆಯಲ್ಲೇ ಈ ಚರಿತ್ರೆಯ ಮುಂದಿನ ಅಧ್ಯಾಯವೂ ಇದೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್.ನ ಕೆ.ಜಿ.ಎಫ್. ಘಟಕದಲ್ಲಿ ಬುಲ್‌ಡೋಜರುಗಳು ತಯಾರಾಗುತ್ತವೆ. ಇಂಥ ದೊಡ್ಡ ಯಂತ್ರಗಳ ಪವರ್‌ಶಿಫ್ಟ್ ಪೆಟ್ಟಿಗೆಯಲ್ಲಿ ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಎಣ್ಣೆಯ ಒತ್ತಡದಿಂದ ತಟ್ಟೆಗಳು ಒಂದಾಗಿ ಗಿಯರ್ ಬದಲಾಗುತ್ತದೆ. ಥಾಂಪ್ಸನ್ ನೆಚ್ಚಿದ ಘರ್ಷಣೆಯೇ ಅಲ್ಲಿಯೂ ದುಡಿಯುತ್ತದೆ.

ಶಿಕ್ಷಕರು ಮೇಲಿನ ಲೆಕ್ಕವನ್ನು ತರಗತಿಯಲ್ಲಿ ಮುಂದುವರಿಸಬಹುದು: ಅದೇ ಜೀಪು ಗಂಟೆಗೆ 30 ಕಿ.ಮೀ. ವೇಗದಲ್ಲಿರುವಾಗ ಮೂರರಿಂದ ಎರಡಕ್ಕೆ ಇಳಿಯಲು ಎಷ್ಟು ಸುತ್ತು ಹೆಚ್ಚಬೇಕು?