ಜೆ.ಸಿ. ರಸ್ತೆಯಿಂದ ಜೆ.ಸಿ. ನಗರಕ್ಕೆ: ಕನ್ನಡ ಟಿವಿಗೆ ನಾಟಕ ಕೊಟ್ಟಿದ್ದೇನು?

ಆರ್.ಟಿ. ನಗರದ ಕಡೆಯವರಿಗೆ ಜೆ.ಸಿ. ನಗರದ ದೂರದರ್ಶನ ಕೇಂದ್ರ ಗೊತ್ತಿರುತ್ತೆ. ನಾಟಕ ನೋಡೋರಿಗೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಗೊತ್ತು. ಎರಡು ಕಡೆಯೂ ಜೆ.ಸಿ. ಅಂದ್ರೆ ಜಯಚಾಮರಾಜೇಂದ್ರ ಒಡೆಯರ್. ಹೆಸರು ಒಂದಾಗಿದ್ದು ಕಾಕತಾಳೀಯ. ಆದ್ರೆ 80ರ ದಶಕದಲ್ಲಿ ಆ ರಸ್ತೆಯ ಜನ ಈ ನಗರಕ್ಕೆ ಬಂದಿದ್ದು ಕಾಕತಾಳೀಯ ಅಲ್ಲ.

ಟಿವಿಗೆ ಅಂತಲೇ ತಯಾರಾದ ನಟರು ಆಗ ಎಲ್ಲಿದ್ರು? ಸ್ಟುಡಿಯೋದಲ್ಲಿ ಎರಡು ಮೂರು ಕ್ಯಾಮೆರಾ ಇಟ್ಟು ಉದ್ದುದ್ದ ದೃಶ್ಯ ಒಂದೇ ಸಲಕ್ಕೆ ತೆಗೀಬೇಕಾದ್ರೆ ಮಾತು ಮರೆಯದವರು, ಎದುರಿನವರು ತಡವರಿಸಿದ್ರೂ ನಿಭಾಯಿಸೋರು ಬೇಕು. ಹವ್ಯಾಸಿ ರಂಗತಂಡಗಳ ತಾಲೀಮಿನಲ್ಲಿ ಕಲಿಯೋದೇ ಅದು. ಕೊನೇ ಸಾಲಿಗೆ ಕೇಳಿಸೋ ದನಿಯೊಂದನ್ನು ಮಾತ್ರ ಮನೇಲಿ ಬಿಟ್ಟು ಬರಬೇಕಿತ್ತು!

ಬೇರೆ ದೇಶದಲ್ಲೂ ಹೀಗಾಗಿದೆ. ಸೋವಿಯತ್ ಟಿವಿಯಲ್ಲಿ 1966ರಲ್ಲಿ ಶುರುವಾದ ‘ಕಬಾಚೋಕ್ 13 ಸ್ತೂಲ್ಯೆವ್’ ಅನ್ನೋ ಜನಪ್ರಿಯ ಹಾಸ್ಯ ಕಾರ್ಯಕ್ರಮದಲ್ಲಿ ಇದ್ದವರು ಹೆಚ್ಚಾಗಿ ಮಾಸ್ಕೋದ ವಿಡಂಬನಾ ರಂಗಮಂದಿರದ ನಟರು.

ನಮ್ಮ ದೊಡ್ಡ ಉದಾಹರಣೆ ‘ಮಾಲ್ಗುಡಿ ಡೇಸ್’, 1986ರದ್ದು. ಇದು ಜೆ.ಸಿ. ನಗರದ ಸ್ಟುಡಿಯೋದ್ದಲ್ಲ, ಹೆಚ್ಚಿನ ಚಿತ್ರೀಕರಣ ಆಗುಂಬೆಯಲ್ಲಿ, ದೇಶ ನೋಡಿದ್ದು ಹಿಂದಿಯಲ್ಲಿ. ಆದ್ರೆ ಜನ ಯಾರು ನೋಡಿ. ನಿರ್ದೇಶಕ ಶಂಕರ್ ನಾಗ್ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದವರು, ಇಲ್ಲಿ ‘ಸಂಕೇತ್’ ತಂಡ ಕಟ್ಟಿದವರು. ಸ್ವಾಮಿಯ ಅಪ್ಪ ‘ತುಘಲಕ್’, ‘ಹಯವದನ’ ಬರೆದ ಗಿರೀಶ್ ಕಾರ್ನಾಡ್. ಅಮ್ಮ, ರಂಗನಟಿ ವೈಶಾಲಿ ಕಾಸರವಳ್ಳಿ. ಕಾರ್ನಾಡರು ಏನೂ ಮಾತಾಡದೆ ಸುಮ್ಮನಿರೋ ಜಾಗಗಳನ್ನು ಒಮ್ಮೆ ಗಮನಿಸಿ.

ಆಮೇಲೆ 1998ರಲ್ಲಿ ದೂರದರ್ಶನ ಚಂದನದಲ್ಲಿ ‘ಮಾಯಾಮೃಗ’ ಬಂತು. ಟಿ.ಎನ್. ಸೀತಾರಾಂ ಅದಕ್ಕೂ ಮುಂಚೆ ‘ಆಸ್ಫೋಟ’ದಂಥ ನಾಟಕ ಬರೆದಿದ್ದವರು. ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ನಿರ್ದೇಶಿಸಿದ್ರು. ಹೊಡೆದಾಟ ಇಲ್ಲದೆ, ಇಬ್ಬರು ಎದುರುಬದುರು ಕೂತು ಮಾತಾಡಿದ್ರೇ ಕಥೆ ಮುಂದೆ ಹೋಗುತ್ತೆ ಅನ್ನೋ ಧೈರ್ಯ ನಾಟಕದ್ದು ಅಂತ ನನಗನ್ಸುತ್ತೆ.

ಇದಕ್ಕೆ ಬೆಲೆ ತೆತ್ತಿದ್ದೂ ನಾಟಕವೇ. ದಿನಾ ಶೂಟಿಂಗ್ ಅಂದ್ಮೇಲೆ ಸಂಜೆ ತಾಲೀಮಿಗೆ ಬರೋರು ಯಾರು? ನಟರನ್ನು ಬೈಯೋಕಾಗಲ್ಲ ಬಿಡಿ. ಹವ್ಯಾಸಿ ನಾಟಕ ಮನೆ ಬಾಡಿಗೆ ಕಟ್ಟಲ್ಲ, ಧಾರಾವಾಹಿ ಕಟ್ಟುತ್ತೆ. ಹಾಗಾಗಿ ಎಷ್ಟೋ ತಂಡಗಳಲ್ಲಿ ಇವತ್ತೂ ತಾಲೀಮಿನ ಟೈಮ್ ಗೊತ್ತು ಮಾಡೋಕೆ ಮುಂಚೆ ಕೇಳೋ ಪ್ರಶ್ನೆ ಒಂದೇ: ನಿಮ್ಮ ಶೂಟಿಂಗ್ ಎಷ್ಟೊತ್ತಿಗೆ ಮುಗಿಯುತ್ತೆ?