ಗಡುವಿಗೆ ಕೊಟ್ಟ ವಿಳಾಸ: ಡಿಎಚ್‌ಸಿಪಿಯ ತಿರುಳು ಎಲ್ಲಿದೆ?

ಮನೆಯ ರೌಟರ್ ಹೊಸ ಫೋನಿಗೆ ತಾನಾಗಿ ಐಪಿ ವಿಳಾಸ ಕೊಡುವ ಬಗೆಯನ್ನು, ಅಂದರೆ ಡಿಎಚ್‌ಸಿಪಿಯನ್ನು, ವಿವರಿಸುವವರು ಸಾಮಾನ್ಯವಾಗಿ ‘ಸ್ವಯಂಚಾಲಿತ’ ಎಂಬ ಮಾತಿಗೆ ಒತ್ತು ಕೊಡುತ್ತಾರೆ. ಆ ಒತ್ತು ಬೀಳಬೇಕಾದದ್ದು ಬೇರೆ ಕಡೆ ಎಂಬುದು ನನ್ನ ವಾದ. ಯಂತ್ರವೇ ವಿಳಾಸ ಹಂಚುವ ಏರ್ಪಾಡು ಡಿಎಚ್‌ಸಿಪಿಗಿಂತ ಮೊದಲೇ ಇತ್ತು. 1984ರ ರಾರ್ಪ್, ಯಂತ್ರದ ಹಾರ್ಡ್‌ವೇರ್ ಸಂಖ್ಯೆ ನೋಡಿ ಅದರ ವಿಳಾಸ ತಿಳಿಸುತ್ತಿತ್ತು. ಮರುವರ್ಷ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್‌ಮೋರ್ ರೂಪಿಸಿದ ಬೂಟ್‌ಪಿ, ಡಿಸ್ಕ್ ಇಲ್ಲದ ಯಂತ್ರಕ್ಕೆ ಯಾವ ಕಡತದಿಂದ ಬೂಟ್ ಆಗಬೇಕೆಂಬುದನ್ನೂ ಹೇಳುತ್ತಿತ್ತು. ಆದರೆ ಎರಡರಲ್ಲೂ ಯಾವ ಯಂತ್ರಕ್ಕೆ ಯಾವ ವಿಳಾಸವೆಂದು ಯಾರೋ ಮೊದಲೇ ಪಟ್ಟಿ ಬರೆದಿಡಬೇಕಿತ್ತು. ಒಮ್ಮೆ ಕೊಟ್ಟದ್ದು ಕೊಟ್ಟಂತೆಯೇ ಉಳಿಯುತ್ತಿತ್ತು. 1993ರಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿ, ಬೂಟ್‌ಪಿಯ ಸಂದೇಶದ ಅಚ್ಚನ್ನೂ 67, 68ನೇ ಪೋರ್ಟ್‌ಗಳನ್ನೂ ಹಾಗೆಯೇ ಇಟ್ಟುಕೊಂಡಿತು. ಅದರ 1997ರ ಪರಿಷ್ಕೃತ ಪಾಠ, ಅಂದರೆ ಆರ್‌ಎಫ್‌ಸಿ 2131, ವಿಳಾಸ ಕೊಡುವ ಮೂರು ಬಗೆಗಳನ್ನು ಹೆಸರಿಸುತ್ತದೆ. ಶಾಶ್ವತವಾಗಿ ಕೊಡುವುದನ್ನು ಅದು ‘ಆಟೋಮ್ಯಾಟಿಕ್’ ಎನ್ನುತ್ತದೆ, ಅವಧಿಗೆ ಕೊಡುವುದನ್ನು ‘ಡೈನಾಮಿಕ್’ ಎನ್ನುತ್ತದೆ. ಡಿಎಚ್‌ಸಿಪಿ ಎಂಬ ಹೆಸರಿನ ಮೊದಲಕ್ಷರ ನಿಂತಿರುವುದು ಈ ಎರಡನೆಯದಕ್ಕೆ.

ಈ ಅವಧಿಯನ್ನು ಇಂಗ್ಲಿಷಿನವರು ‘ಲೀಸ್’ ಎಂದು ಕರೆದರು. ಇಲ್ಲಿ ಬಾಡಿಗೆಯೂ ಇಲ್ಲ, ಕರಾರುಪತ್ರವೂ ಇಲ್ಲ; ಇರುವುದು ಸೆಕೆಂಡುಗಳ ಒಂದು ಎಣಿಕೆ ಮಾತ್ರ. ಆದ್ದರಿಂದ ‘ಗಡುವು’ ಎಂಬ ನಮ್ಮ ಮಾತು ಹೆಚ್ಚು ಒಪ್ಪುತ್ತದೆ. ಜಾಲಕ್ಕೆ ಬಂದ ಸಾಧನ ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಸರ್ವರ್ ಒಂದು ವಿಳಾಸ ಮುಂದಿಡುತ್ತದೆ, ಸಾಧನ ಅದನ್ನೇ ಬೇಡುತ್ತದೆ, ಸರ್ವರ್ ಒಪ್ಪಿಗೆ ಕೊಡುತ್ತದೆ. ಈ ನಾಲ್ಕು ಹೆಜ್ಜೆಗಳು ಎಲ್ಲರಿಗೂ ಗೊತ್ತು. ಗಮನಿಸಬೇಕಾದದ್ದು ಆಮೇಲಿನದು. ಗಡುವು 24 ಗಂಟೆಯದಾದರೆ, ಸಾಮಾನ್ಯ ಲೆಕ್ಕದಲ್ಲಿ, 12ನೇ ಗಂಟೆಗೆ ಸಾಧನ ಅದೇ ಸರ್ವರನ್ನು ನವೀಕರಣ ಕೇಳುತ್ತದೆ. ಉತ್ತರ ಬಾರದಿದ್ದರೆ 21ನೇ ಗಂಟೆಯಿಂದ ಯಾವ ಸರ್ವರಾದರೂ ಸರಿ ಎಂದು ಕೂಗುತ್ತದೆ. 24 ತುಂಬಿದರೆ ವಿಳಾಸವನ್ನು ತಾನೇ ಬಿಟ್ಟುಕೊಡಬೇಕು. ಹೋಗುವಾಗ ಹೇಳಿ ಹೋಗಲು ‘ರಿಲೀಸ್’ ಎಂಬ ಸಂದೇಶವಿದೆ, ಆದರೆ ಅದು ಕಡ್ಡಾಯವಲ್ಲ. ಬ್ಯಾಟರಿ ಮುಗಿದ ಫೋನು ಹೇಳಿ ಹೋಗಲಾರದು. ಹೋದ ಸಾಧನ ಯಾವುದು, ಸುಮ್ಮನಿರುವ ಸಾಧನ ಯಾವುದು ಎಂದು ಸರ್ವರ್‌ಗೆ ಖಚಿತವಾಗಿ ತಿಳಿಯುವುದಿಲ್ಲ. ಆ ಅಜ್ಞಾನದ ನಡುವೆಯೂ ಲೆಕ್ಕ ತಪ್ಪದಂತೆ ಕಾಯುವುದು ಗಡುವು.

ಇದಕ್ಕೆ ಬರುವ ಮೊದಲ ಆಕ್ಷೇಪ ನಂಬಿಕೆಯದು: ಜಾಲದೊಳಗಿನ ಯಾರೇ ಮೊದಲು ಉತ್ತರಿಸಿದರೂ ಸಾಧನ ನಂಬಬಹುದು, ಗಡುವು ಇದನ್ನು ತಡೆಯದು. ಇದು ನಿಜ, ಒಪ್ಪಲೇಬೇಕು. 2001ರಲ್ಲಿ ದೃಢೀಕರಣದ ವಿಧಾನವೊಂದು ಬಂದರೂ ಬಳಕೆಗೆ ಇಳಿಯಲಿಲ್ಲ. ಕಳ್ಳ ಸರ್ವರ್‌ಗಳನ್ನು ತಡೆಯುವ ಹೊಣೆಯನ್ನು ಬಹುಮಟ್ಟಿಗೆ ಸ್ವಿಚ್‌ಗಳೇ ಹೊತ್ತಿವೆ.

ಇನ್ನೊಂದು ಆಕ್ಷೇಪ ಹೆಚ್ಚು ಆಳದ್ದು. ಗಡುವು ಹುಟ್ಟಿದ್ದೇ ವಿಳಾಸಗಳ ಬರದಿಂದ, ಬರ ನೀಗಿದರೆ ಅದೂ ಬೇಡ ಎನ್ನಬಹುದು. ಐಪಿವಿ6 ಈ ಮಾತಿಗೆ ಒರೆಗಲ್ಲು. ಅಲ್ಲಿ ಒಂದು ಸಾಮಾನ್ಯ ಉಪಜಾಲದಲ್ಲೇ 2ರ 64ನೇ ಘಾತದಷ್ಟು ವಿಳಾಸಗಳಿವೆ. ಸರ್ವರ್ ಇಲ್ಲದೆಯೇ, ರೌಟರ್ ಸಾರಿದ ಪೂರ್ವಭಾಗಕ್ಕೆ ಉಳಿದದ್ದನ್ನು ಸೇರಿಸಿ ಸಾಧನವೇ ತನ್ನ ವಿಳಾಸ ಕಟ್ಟಿಕೊಳ್ಳಬಹುದು. ಬರವೇ ಕಾರಣವಾಗಿದ್ದರೆ ಕಾಲದ ಎಣಿಕೆ ಇಲ್ಲಿ ಮಾಯವಾಗಬೇಕಿತ್ತು. ಆದರೆ ಪ್ರತಿ ಪೂರ್ವಭಾಗಕ್ಕೂ ಎರಡು ಆಯಸ್ಸುಗಳಿವೆ: ಹೊಸ ಸಂಪರ್ಕಕ್ಕೆ ಬಳಸಬಹುದಾದ ಅವಧಿ, ಒಟ್ಟು ಸಿಂಧುವಾಗಿರುವ ಅವಧಿ. ಮೂಲ ನಿಯಮದಲ್ಲಿ ಇವು 7 ಮತ್ತು 30 ದಿನ. ಆ ಉದ್ದವೇ ತೊಂದರೆ ತಂದಿತು. ಕರೆಂಟ್ ಹೋಗಿ ಬಂದ ರೌಟರ್‌ಗೆ ಹೊಸ ಪೂರ್ವಭಾಗ ಸಿಕ್ಕಾಗ, ಮನೆಯ ಸಾಧನಗಳು ಸತ್ತ ವಿಳಾಸವನ್ನೇ ಹಿಡಿದು ಕೂರುತ್ತಿದ್ದವು. 2021ರ ಆರ್‌ಎಫ್‌ಸಿ 9096 ಮನೆ ರೌಟರ್‌ಗಳಿಗೆ ಈ ಅವಧಿಗಳನ್ನು 45 ಮತ್ತು 90 ನಿಮಿಷಕ್ಕೆ ಮಿತಿಗೊಳಿಸಲು ಹೇಳಿತು.